ಚರ್ಮದ ಆರೋಗ್ಯಕ್ಕೆ ಯೋಗ: ಬೆವರಿಗಿಂತ ಉಸಿರು ಮುಖ್ಯ

ಮುಖದ ಕಾಂತಿಗಾಗಿ ಯೋಗ ಶುರು ಮಾಡುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಮೈ ತೊಯ್ಯುವಷ್ಟು ಬೆವರು ಹರಿಸುತ್ತಾರೆ, ಇನ್ನು ಕೆಲವರು ಮೊದಲ ವಾರವೇ ಶೀರ್ಷಾಸನಕ್ಕೆ ಕೈ ಹಾಕುತ್ತಾರೆ. ಉಸಿರಾಟ ಮತ್ತು ಶವಾಸನದ ಹೊತ್ತಿಗೆ ಇಬ್ಬರೂ ಚಾಪೆ ಸುತ್ತಿಕೊಂಡು ಹೊರಟಿರುತ್ತಾರೆ. ಚರ್ಮಕ್ಕೆ ನಿಜವಾಗಿ ಬೇಕಾದದ್ದು ಅವರು ಬಿಟ್ಟುಹೋದ ಆ ಭಾಗ.

ಒತ್ತಡ ಹೆಚ್ಚಾದಾಗ ದೇಹದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ, ಮೊಡವೆ ಉಲ್ಬಣಿಸುತ್ತದೆ. ಚರ್ಮದ ಹೊರಪದರ ತೇವಾಂಶವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಂದುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. ಸೋರಿಯಾಸಿಸ್, ಇಸುಬು ಇರುವವರಿಗೆ ಇದು ಅನುಭವದಿಂದಲೇ ಗೊತ್ತು. 1998ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಬೆಳಕಿನ ಚಿಕಿತ್ಸೆ ಪಡೆಯುತ್ತಿದ್ದ ಸೋರಿಯಾಸಿಸ್ ರೋಗಿಗಳ ಪೈಕಿ ಆ ವೇಳೆ ಧ್ಯಾನದ ಧ್ವನಿಮುದ್ರಿಕೆ ಕೇಳಿದವರ ಚರ್ಮ ಉಳಿದವರಿಗಿಂತ ಬೇಗ ತಿಳಿಯಾಯಿತು. ಅವರು ಮಾಡಿದ ಹೆಚ್ಚುವರಿ ಕೆಲಸ ಅದೊಂದೇ.

ಬೆವರಿನ ಜೊತೆ ದೇಹದ ವಿಷವೆಲ್ಲ ಹೊರಹೋಗುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಬೆವರು ಬಹುಪಾಲು ನೀರು ಮತ್ತು ಉಪ್ಪು. ಶುದ್ಧೀಕರಣದ ಹೊಣೆ ಯಕೃತ್ತು ಮತ್ತು ಮೂತ್ರಪಿಂಡಗಳದ್ದು.

1. ಸಿದ್ಧತೆ

ಮೇಕಪ್ ಅಳಿಸಿ, ಮುಖ ತೊಳೆದು, ಸಡಿಲವಾದ ಹತ್ತಿ ಬಟ್ಟೆ ಹಾಕಿಕೊಂಡು, ನಿಮ್ಮದೇ ಚಾಪೆಯ ಮೇಲೆ ಕೂರಿ.

2. ಆಸನಗಳು

ಹದಿನೈದು ಇಪ್ಪತ್ತು ನಿಮಿಷ ಸಾಕು. ತಾಡಾಸನ, ಭುಜಂಗಾಸನ, ಪಶ್ಚಿಮೋತ್ತಾನಾಸನ, ಬಾಲಾಸನ ಈ ಕ್ರಮ ನನಗೆ ಇಷ್ಟ. ನಿಮಗೆ ರೂಢಿಯಾದ ಬೇರೆ ಆಸನಗಳಿದ್ದರೆ ಅವೂ ಆಗುತ್ತವೆ. ಚರ್ಮದ ಹೊರಪದರದಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಪೋಷಣೆ ಕೆಳಗಿನ ಪದರದಿಂದ ಬರುತ್ತದೆ. ಮೈ ಬೆಚ್ಚಗಾದರೆ ಅಲ್ಲಿ ರಕ್ತಸಂಚಾರ ಹೆಚ್ಚುತ್ತದೆ, ಅದಕ್ಕಾಗಿ ತಲೆಕೆಳಗಾಗಿ ನಿಲ್ಲಬೇಕಿಲ್ಲ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ದುಪ್ಪಟ್ಟಾಗುತ್ತದೆ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ), ಅಧಿಕ ರಕ್ತದೊತ್ತಡ ಇರುವವರು ಅದನ್ನು ಮುಟ್ಟಲೇಬಾರದು. ಕೋಣೆಯನ್ನು ಬಿಸಿ ಮಾಡಿ ನಡೆಸುವ ತರಗತಿಗಳನ್ನೂ ನಾನು ಒಪ್ಪುವುದಿಲ್ಲ. ಭಂಗು, ರೋಸೇಶಿಯಾ (ಮುಖ ಪದೇ ಪದೇ ಕೆಂಪೇರುವ ಚರ್ಮದ ತೊಂದರೆ) ಇರುವವರ ಮುಖ ಆ ಸೆಕೆಗೆ ಇನ್ನಷ್ಟು ಕೆಡುತ್ತದೆ.

3. ಉಸಿರಾಟ

ಎಲ್ಲರೂ ಎಡವುವುದು ಇಲ್ಲಿ. ‘ದೀರ್ಘವಾಗಿ ಉಸಿರಾಡಿ’ ಎಂದ ತಕ್ಷಣ ಎದೆ ಉಬ್ಬುತ್ತದೆ, ಭುಜ ಕಿವಿಯ ಕಡೆಗೆ ಏರುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಇದರಿಂದ ದೇಹ ಶಾಂತವಾಗುವ ಬದಲು ಇನ್ನಷ್ಟು ಬಿಗಿಯಾಗುತ್ತದೆ.

ಆದ್ದರಿಂದ ಮೊದಲು ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೂರಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಕೆಳಗೆ ಇರಲಿ. ಮೂಗಿನಿಂದ ಉಸಿರು ಎಳೆಯುವಾಗ ಕೆಳಗಿನ ಕೈ ಏಳಬೇಕು, ಮೇಲಿನದು ಹೆಚ್ಚುಕಡಿಮೆ ಅಲುಗಬಾರದು. ಇಷ್ಟು ಸಲೀಸಾಗುವವರೆಗೆ ಎಣಿಕೆಯ ಗೊಡವೆ ಬೇಡ. ಕೆಲವರಿಗೆ ಇದಕ್ಕೇ ಒಂದು ವಾರ ಹಿಡಿಯುತ್ತದೆ, ಹಿಡಿಯಲಿ.

ನಂತರ ಮೂರು ಎಣಿಸುವಷ್ಟು ಹೊತ್ತು ಒಳಗೆ, ನಾಲ್ಕು ಎಣಿಸುವಷ್ಟು ಹೊತ್ತು ಹೊರಗೆ. ಕ್ರಮೇಣ ಒಳಗೆ ನಾಲ್ಕು, ಹೊರಗೆ ಆರಕ್ಕೆ ಬನ್ನಿ. ಸೆಕೆಂಡಿಗೊಂದರಂತೆ ಎಣಿಸಿದರೆ ನಿಮಿಷಕ್ಕೆ ಆರು ಉಸಿರಾಗುತ್ತದೆ. ಈ ಲಯದಲ್ಲಿ, ದೇಹಕ್ಕೆ ವಿಶ್ರಾಂತಿಯ ಸೂಚನೆ ಕೊಡುವ ವೇಗಸ್ ನರ ಚೆನ್ನಾಗಿ ಕೆಲಸ ಮಾಡುತ್ತದೆ. ಅದರಾಚೆ ಹಿಗ್ಗಿಸುವ ಅಗತ್ಯವಿಲ್ಲ. ಕುಂಭಕವೂ, ಅಂದರೆ ಉಸಿರು ಹಿಡಿದಿಡುವುದೂ, ಈಗ ಬೇಡ.

ರೇಚಕದ, ಅಂದರೆ ಉಸಿರು ಬಿಡುವುದರ, ಕೊನೆಯ ಭಾಗವನ್ನು ಗಮನಿಸಿ. ಮೊದಲ ಎರಡು ಎಣಿಕೆಯಲ್ಲೇ ಗಾಳಿಯನ್ನೆಲ್ಲ ಬಿಟ್ಟು, ಉಳಿದ ನಾಲ್ಕಕ್ಕೆ ಹೊಟ್ಟೆ ಹಿಂಡುವವರೇ ಹೆಚ್ಚು. ತುಂಬಿದ ಕೊಡದಿಂದ ಸಣ್ಣ ಧಾರೆಯಲ್ಲಿ ನೀರು ಸುರಿಯುವಂತೆ, ಉಸಿರು ಆರಂಭದಿಂದ ಕೊನೆಯವರೆಗೂ ಒಂದೇ ಸಮನಾಗಿ ಹೋಗಬೇಕು. ಬಿಟ್ಟು ಮುಗಿದ ಕೂಡಲೇ ಗಬಕ್ಕನೆ ಗಾಳಿ ಎಳೆದುಕೊಳ್ಳಬೇಕೆನಿಸಿದರೆ ಎಣಿಕೆ ನಿಮಗೆ ಹೆಚ್ಚಾಯಿತೆಂದು ಅರ್ಥ. ಒಂದು ಕಡಿಮೆ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿ.

ಮುಖವನ್ನೂ ಮರೆಯಬೇಡಿ. ತುಟಿ ಮುಚ್ಚಿರಲಿ, ಹಲ್ಲುಗಳು ಒಂದಕ್ಕೊಂದು ತಾಗದಿರಲಿ, ಹಣೆ ಸಡಿಲವಾಗಿರಲಿ. ಹೀಗೆ ಹತ್ತು ನಿಮಿಷ ಮಾಡಿ, ಕೊನೆಗೆ ಐದು ಸುತ್ತು ಭ್ರಾಮರಿ (ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವುದು). ಭ್ರಾಮರಿಯಲ್ಲಿ ಕಿವಿಯನ್ನಷ್ಟೇ ಮುಚ್ಚಿ. ಬೆರಳುಗಳಿಂದ ಕಣ್ಣು, ಕೆನ್ನೆ ಒತ್ತಬೇಡಿ. ಮೊಡವೆ ಇರುವ ಮುಖಕ್ಕೆ ಆ ಒತ್ತಡ, ಬೆರಳಿನ ಕೊಳೆ ಎರಡೂ ಹಾನಿಕರ.

ಸಮಯವಿಲ್ಲವೆಂದು ಇದರ ಬದಲು ಎರಡು ನಿಮಿಷ ಕಪಾಲಭಾತಿ (ಹೊಟ್ಟೆ ಒಳಗೆಳೆದು ರಭಸವಾಗಿ ಉಸಿರು ಹೊರದೂಡುವುದು) ಮಾಡಿ ಏಳುವವರಿದ್ದಾರೆ. ಅದು ದೇಹವನ್ನು ಚುರುಕುಗೊಳಿಸುವ ಕ್ರಿಯೆ, ಶಮನಗೊಳಿಸುವುದಲ್ಲ. ಗರ್ಭಿಣಿಯರು, ಹರ್ನಿಯಾ ಅಥವಾ ಅಧಿಕ ರಕ್ತದೊತ್ತಡ ಇರುವವರು ಅದನ್ನು ಮಾಡಲೇಬಾರದು. ನಿಜಕ್ಕೂ ಸಮಯವಿಲ್ಲದ ದಿನ ಆಸನಗಳನ್ನು ಬಿಡಿ, ಉಸಿರಾಟವನ್ನು ಬಿಡಬೇಡಿ.

4. ಶವಾಸನ

ಹೊದಿಕೆ ಹೊದ್ದು ಐದರಿಂದ ಹತ್ತು ನಿಮಿಷ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

5. ಮುಗಿದ ಮೇಲೆ

ಬೆವರಿದ ಬಟ್ಟೆಯಲ್ಲೇ ಗಂಟೆಗಟ್ಟಲೆ ಓಡಾಡಿದರೆ ಬೆನ್ನು, ಎದೆಯ ಮೇಲೆ ಗುಳ್ಳೆ ಏಳಬಹುದು. ಬೇಗ ಬಟ್ಟೆ ಬದಲಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ. ಉಜ್ಜದೆ ಒತ್ತಿ ಒರೆಸಿಕೊಂಡು, ಚರ್ಮ ಇನ್ನೂ ತುಸು ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ‘ಯೋಗದ ನಂತರದ ಹೊಳಪಿಗೆ’ ಎಂದು ಮಾರುವ ಸುಗಂಧಭರಿತ ವೈಪ್‌ಗಳು ಬೇಡವೇ ಬೇಡ. ಬೆಚ್ಚಗಾದ ಚರ್ಮಕ್ಕೆ ಸುಗಂಧ ಬೇಗ ಉರಿ ತರಿಸುತ್ತದೆ. ಬಿಸಿಲಿನಲ್ಲಿ ಅಭ್ಯಾಸ ಮಾಡುವವರು ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿಕೊಂಡೇ ಶುರು ಮಾಡಬೇಕು. ಚಾಪೆಯನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಸುತ್ತಿಡಿ.

ಮುಖದ ಯೋಗದ ಬಗ್ಗೆ ಬಹಳ ಜನ ಕೇಳುತ್ತಾರೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20 ವಾರ ಮುಖದ ವ್ಯಾಯಾಮ ಮಾಡಿದ ನಡುವಯಸ್ಸಿನ ಮಹಿಳೆಯರ ಕೆನ್ನೆ ತುಸು ತುಂಬಿಕೊಂಡಂತೆ ಕಂಡಿತು. ಆದರೆ ಪೂರ್ಣಗೊಳಿಸಿದವರು 16 ಮಂದಿ ಮಾತ್ರ, ಹೋಲಿಕೆಗೆ ಬೇರೆ ಗುಂಪೂ ಇರಲಿಲ್ಲ. ಮಾಡುವುದಾದರೆ ಮಾಡಿ, ಕಣ್ಣಿನ ಸುತ್ತಲಿನ ತೆಳು ಚರ್ಮವನ್ನು ಮಾತ್ರ ಎಳೆಯಬೇಡಿ.

ಹೊರಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಮೊದಲು ಸುಧಾರಿಸುವುದು ಸಾಮಾನ್ಯವಾಗಿ ನಿದ್ದೆ. ಮುಖದ ಬದಲಾವಣೆ ಅಳೆಯಲು ಒಂದೇ ಜಾಗ, ಒಂದೇ ಬೆಳಕಿನಲ್ಲಿ ತಿಂಗಳಿಗೊಂದು ಫೋಟೊ ತೆಗೆದಿಟ್ಟುಕೊಳ್ಳಿ.

ವೈದ್ಯರು ಕೊಟ್ಟ ಔಷಧವನ್ನು ಯೋಗದ ಭರವಸೆಯಲ್ಲಿ ನಿಲ್ಲಿಸಬೇಡಿ. ತೊಡೆಸಂದಿಯಲ್ಲೋ ಸೊಂಟದಲ್ಲೋ ಅಂಚು ಕೆಂಪಾದ ಗುಂಡನೆಯ ಕಲೆ ಎದ್ದು ತುರಿಸುತ್ತಿದ್ದರೆ ಅದು ಬಹುಶಃ ಹುಳುಕಡ್ಡಿ. ಸ್ಟೆರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿದರೆ ತುರಿಕೆ ತಾತ್ಕಾಲಿಕವಾಗಿ ತಗ್ಗಿ, ಸೋಂಕು ಹರಡುತ್ತಲೇ ಹೋಗುತ್ತದೆ. ಯಾವ ಮುಲಾಮನ್ನೂ ಹಚ್ಚದೆ ನೇರವಾಗಿ ಚರ್ಮವೈದ್ಯರಿಗೆ ತೋರಿಸಿ, ಅದು ವಾಸಿಯಾಗುವವರೆಗೆ ನಿಮ್ಮ ಚಾಪೆ, ಟವೆಲ್ ಯಾರಿಗೂ ಕೊಡಬೇಡಿ.