ಪೋರ್ಟ್ರೇಟ್‌ಗೆ ಪ್ರೈಮ್ ಲೆನ್ಸ್: ಮೊದಲು ಟೇಪು, ಆಮೇಲೆ ಅಂಗಡಿ

ಪೋರ್ಟ್ರೇಟ್‌ಗೆ ಯಾವ ಪ್ರೈಮ್ (ಜೂಮ್ ಆಗದ ಲೆನ್ಸ್) ತಗೊಳ್ಳಲಿ ಎಂದು ಕೇಳುವವರು ಸಾಮಾನ್ಯವಾಗಿ ಎಫ್ ನಂಬರಿನಿಂದ ಶುರು ಮಾಡುತ್ತಾರೆ, ಅಂದರೆ ಲೆನ್ಸಿನ ಬೆಳಕಿನ ಕಂಡಿ ಎಷ್ಟು ಅಗಲ ತೆರೆಯುತ್ತದೆ ಎಂಬ ಅಂಕಿಯಿಂದ (ಅಂಕಿ ಚಿಕ್ಕದಾದಷ್ಟೂ ಕಂಡಿ ಅಗಲ): 1.8 ಸಾಕೋ, 1.4 ಬೇಕೋ? ನಾನು ಶುರು ಮಾಡುವುದು ಅಳತೆ ಟೇಪಿನಿಂದ. ಫೋಟೋ ತೆಗೆಯುವ ಜಾಗದಲ್ಲಿ ಎಷ್ಟು ಅಡಿ ಹಿಂದೆ ಸರಿಯಬಹುದು ಎಂದು ಗೊತ್ತಾದರೆ ಪಟ್ಟಿಯಲ್ಲಿರುವ ಅರ್ಧ ಲೆನ್ಸುಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನ ಮನೆಯಲ್ಲಿ ಹತ್ತಕ್ಕೆ ಹನ್ನೆರಡು ಅಡಿಯ ಒಂದು ರೂಮು ಇದೆ ಅಂದುಕೊಳ್ಳಿ. ಕೂತವರನ್ನು ಗೋಡೆಗೆ ಒರಗಿಸಿದರೆ ಗೋಡೆಯ ಮೇಲೆ ನೆರಳು ಬೀಳುತ್ತದೆ, ಹಿನ್ನೆಲೆಯೂ ಮಸುಕಾಗುವುದಿಲ್ಲ. ಹಾಗಾಗಿ ಗೋಡೆಯಿಂದ ನಾಲ್ಕು ಅಡಿ ಮುಂದೆ ಕೂರಿಸುತ್ತೇನೆ. ಕ್ಯಾಮೆರಾ ಹಿಂದೆ ನಿಲ್ಲಲು ನನಗೆ ಒಂದೂವರೆ ಅಡಿ ಬೇಕು. ಉಳಿಯುವುದು ಆರೂವರೆ ಅಡಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 85 ಎಂಎಂ ಫೋಕಲ್ ಲೆಂಗ್ತಿನ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ತಲೆಯಿಂದ ಎದೆಯವರೆಗೆ ಸುಮಾರು 60 ಸೆಂ.ಮೀ. ಎತ್ತರವನ್ನು ಫ್ರೇಮಿನಲ್ಲಿ ತುಂಬಿಸಲು ಐದು ಅಡಿ ದೂರ ಬೇಕು. ಅಷ್ಟು ಸಿಗುತ್ತದೆ. ಸೊಂಟದವರೆಗೆ ಬೇಕೆಂದರೆ ಏಳು ಅಡಿ ದಾಟುತ್ತದೆ, ಬೆನ್ನು ಗೋಡೆಗೆ ತಾಗುತ್ತದೆ. ನಿಂತವರ ಪೂರ್ತಿ ಆಳು ಬರಬೇಕಾದರೆ ಹದಿನಾರು ಅಡಿ. ಆ ರೂಮಿನಲ್ಲಿ ಅದು ಆಗದ ಮಾತು.

ಅದೇ ಕ್ಯಾಮೆರಾ ಬಾಡಿಯಲ್ಲಿ 50 ಎಂಎಂ ಹಾಕಿದರೆ ಎದೆಯವರೆಗಿನ ಫೋಟೋಗೆ ಮೂರು ಅಡಿ, ಪೂರ್ತಿ ಆಳಿಗೆ ಒಂಬತ್ತೂ ಕಾಲು ಅಡಿ. 135 ಎಂಎಂ ಆದರೆ ಎಂಟು ಅಡಿ ಮತ್ತು ಇಪ್ಪತ್ತೈದು ಅಡಿ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಬಾಡಿ ಇದ್ದರೆ ಲೆಕ್ಕ ಬದಲಾಗುತ್ತದೆ. ಲೆನ್ಸಿನ ಎಂಎಂ ಅಂಕಿಯನ್ನು ನಿಕಾನ್, ಸೋನಿಯಲ್ಲಿ 1.5, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ. ಅಂದರೆ 50 ಎಂಎಂ ಅಲ್ಲಿ 75ರಿಂದ 80ರಂತೆ ನಡೆಯುತ್ತದೆ: ಎದೆಯವರೆಗೆ ನಾಲ್ಕೂವರೆ ಅಡಿ, ಪೂರ್ತಿ ಆಳಿಗೆ ಹದಿನಾಲ್ಕು. ಕ್ರಾಪ್ ಬಾಡಿಗೆ 85 ಹಾಕಿದರೆ ಎದೆಯವರೆಗಿನ ಫೋಟೋಗೇ ಏಳೂವರೆ ಅಡಿ ಬೇಕು. ಕ್ರಾಪ್ ಬಾಡಿ ಇಟ್ಟುಕೊಂಡು ಮನೆಯೊಳಗೆ, ಛತ್ರದ ಕೋಣೆಗಳಲ್ಲಿ ಕೆಲಸ ಮಾಡುವವರು ಯಾರದೋ ಮಾತು ಕೇಳಿ 85 ಕೊಂಡರೆ ಅದು ಬ್ಯಾಗಿನಲ್ಲೇ ಕೂರುತ್ತದೆ. ಅವರಿಗೆ ಬೇಕಿರುವುದು 50.

ಹೊರಗೆ ಲಾಲ್‌ಬಾಗ್, ಕಬ್ಬನ್ ಪಾರ್ಕಿನಂಥ ಕಡೆ ಜಾಗಕ್ಕೆ ಬರವಿಲ್ಲ, 135 ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇಪ್ಪತ್ತೈದು ಅಡಿ ದೂರದಿಂದ "ಗದ್ದ ಸ್ವಲ್ಪ ಕೆಳಗೆ" ಅನ್ನಲು ಕೂಗಬೇಕು, ಭಾನುವಾರ ಬೆಳಿಗ್ಗೆ ನಡುವೆ ವಾಕಿಂಗ್ ಮಾಡುವವರು ಹಾದುಹೋಗುತ್ತಲೇ ಇರುತ್ತಾರೆ. ಕ್ಯಾಮೆರಾ ಮುಂದೆ ಸಂಕೋಚಪಡುವವರ ಜತೆ ನಾನು 135 ಬಳಸುವುದೇ ಇಲ್ಲ. ಮಾತಾಡಿಸುತ್ತಾ ತೆಗೆಯುವ ದೂರ ಐದರಿಂದ ಎಂಟು ಅಡಿ.

ಮುಖದ ಆಕಾರ ನಿರ್ಧಾರವಾಗುವುದೂ ಈ ದೂರದಿಂದಲೇ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂ.ಮೀ. ಅಂತರ ಇಟ್ಟುಕೊಳ್ಳಿ. 35 ಎಂಎಂ ಹಾಕಿ ಎರಡು ಅಡಿ ಹತ್ತಿರ ಹೋದರೆ ಮೂಗು 60 ಸೆಂ.ಮೀ. ದೂರದಲ್ಲಿ, ಕಿವಿ 72ರಲ್ಲಿ. ಕಿವಿಗೆ ಹೋಲಿಸಿದರೆ ಮೂಗು ಶೇ. 20ರಷ್ಟು ದೊಡ್ಡದಾಗಿ ಮೂಡುತ್ತದೆ. ಐದು ಅಡಿಗೆ ಸರಿದರೆ ಆ ವ್ಯತ್ಯಾಸ ಶೇ. 8, ಎಂಟು ಅಡಿಯಲ್ಲಿ ಶೇ. 5. ಇನ್ನೂ ಹಿಂದೆ ಹೋದಂತೆ ಮುಖ ಚಪ್ಪಟೆಯಾಗಿ, ಅಗಲವಾಗಿ ಕಾಣತೊಡಗುತ್ತದೆ. ದುಂಡು ಮುಖದವರನ್ನು ಐದು ಅಡಿಯಿಂದ, ಮೂಗು ಎದ್ದು ಕಾಣುವವರನ್ನು ಏಳೆಂಟು ಅಡಿಯಿಂದ ತೆಗೆಯುತ್ತೇನೆ. ಒಂದೇ ಜಾಗದಲ್ಲಿ ನಿಂತು ಲೆನ್ಸ್ ಬದಲಿಸಿದರೆ ಮುಖದ ಅನುಪಾತ ಬದಲಾಗುವುದಿಲ್ಲ, ಫ್ರೇಮಿನೊಳಗೆ ಬರುವ ಜಾಗ ಮಾತ್ರ ಹೆಚ್ಚುಕಡಿಮೆ ಆಗುತ್ತದೆ. "85 ಮುಖವನ್ನು ಚೆಂದ ಮಾಡುತ್ತದೆ" ಅನ್ನುವ ಮಾತಿನಲ್ಲಿ ಇರುವ ಸತ್ಯ ಇಷ್ಟೇ: ಅದು ನಿಮ್ಮನ್ನು ಐದು ಅಡಿ ಹಿಂದಕ್ಕೆ ನಿಲ್ಲಿಸುತ್ತದೆ.

ಈಗ ಹಿನ್ನೆಲೆಯ ಬ್ಲರ್. ಇದಕ್ಕೊಂದು ಸುಲಭ ಲೆಕ್ಕವಿದೆ. ಫೋಕಲ್ ಲೆಂಗ್ತನ್ನು ಎಫ್ ನಂಬರಿನಿಂದ ಭಾಗಿಸಿ. 85ಕ್ಕೆ 1.8 ಅಂದರೆ 47 ಮಿ.ಮೀ., 50ಕ್ಕೆ 1.8 ಅಂದರೆ 28 ಮಿ.ಮೀ., 135ಕ್ಕೆ 2 ಅಂದರೆ 67 ಮಿ.ಮೀ. ತುಂಬಾ ದೂರದಲ್ಲಿರುವ ಒಂದು ಬಲ್ಬು ಫೋಟೋದಲ್ಲಿ ಅಷ್ಟು ಅಗಲದ ವೃತ್ತವಾಗುತ್ತದೆ, ಮುಖದ ಪಕ್ಕದಲ್ಲೇ ಸ್ಕೇಲ್ ಹಿಡಿದು ಅಳೆದ ಹಾಗೆ. ಮುಖದ ಅಗಲ 14 ಸೆಂ.ಮೀ. ಅಂದುಕೊಂಡರೆ 85ರಲ್ಲಿ ಆ ವೃತ್ತ ಮುಖದ ಮೂರನೇ ಒಂದು ಪಾಲು, 50ರಲ್ಲಿ ಐದನೇ ಒಂದು ಪಾಲು. ಹಿನ್ನೆಲೆ ಹತ್ತಿರವಿದ್ದರೆ ಈ ಅಳತೆ ಇಳಿಯುತ್ತದೆ. ವ್ಯಕ್ತಿ ಐದು ಅಡಿಯಲ್ಲಿ, ಗೋಡೆ ಹತ್ತು ಅಡಿಯಲ್ಲಿ ಇದ್ದರೆ ಸರಿಯಾಗಿ ಅರ್ಧ. ಆದ್ದರಿಂದ 1.4 ಕೊಳ್ಳುವ ಮೊದಲು ಕೂತವರನ್ನು ಗೋಡೆಯಿಂದ ಇನ್ನೆರಡು ಅಡಿ ಈಚೆಗೆ ತಂದು ನೋಡಿ. ತೂಕದ ಲೆಕ್ಕವೂ ಇರಲಿ: ಸೋನಿಯ 85 ಎಫ್ 1.8 ಲೆನ್ಸ್ 371 ಗ್ರಾಂ, ಅದೇ ಸೋನಿಯ ಮೊದಲ 85 ಎಫ್ 1.4 ಜಿ ಮಾಸ್ಟರ್ 820 ಗ್ರಾಂ. ಸಿಗುವ ಹೆಚ್ಚುವರಿ ಬೆಳಕು ಒಂದು ಸ್ಟಾಪಿನ (ಬೆಳಕು ಎರಡು ಪಟ್ಟಾಗುವ ಹಂತ) ಮೂರನೇ ಎರಡು ಪಾಲು. ಮದುವೆಯಲ್ಲಿ ಬೆಳಗಿನ ಕಾಶಿಯಾತ್ರೆಯಿಂದ ಊಟದವರೆಗೆ ಕೊರಳಲ್ಲಿ ಹೊರುವವರಿಗೆ ನಾನು 1.8ನ್ನೇ ಹೇಳುವುದು.

ಅಪರ್ಚರ್ (ಲೆನ್ಸಿನ ಬೆಳಕಿನ ಕಂಡಿ) ಪೂರ್ತಿ ತೆರೆದು ತೆಗೆದಾಗ ಏನಾಗುತ್ತದೆ ಎಂದು ಮದುಮಗಳ ಮುಖದ ಮೇಲೆ ನೋಡಿ. ಫುಲ್ ಫ್ರೇಮ್, 85 ಎಂಎಂ, ಐದು ಅಡಿ ದೂರ, ಎಫ್ 1.8: ಚುರುಕಾಗಿ ಮೂಡುವ ಆಳ ಒಟ್ಟು 3.4 ಸೆಂ.ಮೀ. ಮಾತ್ರ, ಅಂದರೆ ಕಣ್ಣಿನ ಮುಂದೆ ಸುಮಾರು 1.7, ಹಿಂದೆ 1.7. ಕಣ್ಣಿಗೆ ಫೋಕಸ್ ಇಟ್ಟರೆ ರೆಪ್ಪೆ ಒಂದೊಂದಾಗಿ ಎಣಿಸುವಂತೆ ಬರುತ್ತದೆ. ಮೂಗುತಿಯ ಹರಳು ಆ ಪಟ್ಟಿಯ ಅಂಚಿನಲ್ಲಿ, ಮೂಗಿನ ತುದಿ ಆಚೆ. ಜುಮುಕಿ, ಮಲ್ಲಿಗೆ ದಂಡೆ ಪೂರ್ತಿ ಕರಗಿಹೋಗುತ್ತವೆ. ಒಡವೆ ಕಾಣಬೇಕು ಎಂದು ಮನೆಯವರು ಬಯಸುವ ಫೋಟೋ ಇದಲ್ಲ. ಕಂಡಿಯನ್ನು ಎಫ್ 2.8ಕ್ಕೆ ಕಿರಿದು ಮಾಡಿದರೆ ಆಳ 5 ಸೆಂ.ಮೀ. ದಾಟುತ್ತದೆ, ಮೂಗುತಿ ನಿಚ್ಚಳವಾಗುತ್ತದೆ. ಎಫ್ 4ರಲ್ಲಿ 7.5 ಸೆಂ.ಮೀ. ಜುಮುಕಿಯೂ ಬೇಕೆಂದರೆ ಅಪರ್ಚರ್ ಇನ್ನೂ ಕಿರಿದು ಮಾಡುವುದಕ್ಕಿಂತ ಮುಖದ ಮುಕ್ಕಾಲು ಭಾಗ ಕಾಣುವಂತೆ ತಿರುಗಿಸಿ, ಕಣ್ಣು ಮತ್ತು ಕಿವಿ ಕ್ಯಾಮೆರಾದಿಂದ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬರುತ್ತವೆ. ಗಂಡು ಹೆಣ್ಣು ಇಬ್ಬರೂ ಇದ್ದರೆ ಎಂಟು ಅಡಿಯಿಂದ ಎಫ್ 4, ಸುಮಾರು 20 ಸೆಂ.ಮೀ. ಆಳ ಸಿಗುತ್ತದೆ.

ಸುಮ್ಮನೆ ನಿಂತರೂ ನಮ್ಮ ಮೈ ಒಂದೆರಡು ಸೆಂ.ಮೀ. ಓಲಾಡುತ್ತದೆ. ಹಾಗಾಗಿ ಒಮ್ಮೆ ಫೋಕಸ್ ಲಾಕ್ ಮಾಡಿ ಫ್ರೇಮ್ ಸರಿಸುವ ಅಭ್ಯಾಸ ಬಿಟ್ಟು, ಕಂಟಿನ್ಯುಯಸ್ ಫೋಕಸ್ (ಬಿಡದೆ ಹಿಂಬಾಲಿಸುವ ಫೋಕಸ್) ಜತೆ ಐ ಎಎಫ್ (ಕಣ್ಣನ್ನು ತಾನೇ ಹುಡುಕುವ ಆಟೋ ಫೋಕಸ್) ಇಟ್ಟುಕೊಳ್ಳಿ. ಐ ಎಎಫ್ ಇಲ್ಲದ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಆದರೆ ಫೋಕಸ್ ಪಾಯಿಂಟನ್ನೇ ಹತ್ತಿರದ ಕಣ್ಣಿನ ಮೇಲಕ್ಕೆ ಸರಿಸಿ.

ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 100 (ಸೆನ್ಸರ್ ಬೆಳಕು ಹಿಡಿಯುವ ಚುರುಕಿನ ಅಂಕಿ), ಎಫ್ 1.8 ಇಟ್ಟರೆ ಶಟರ್ 1/8000 ಸೆಕೆಂಡ್ ಕೇಳುತ್ತದೆ. ಸಣ್ಣ ಬಾಡಿಗಳು ಬಹುತೇಕ 1/4000ಕ್ಕೇ ನಿಲ್ಲುತ್ತವೆ, ಫೋಟೋದಲ್ಲಿ ಬಿಳಿ ಪಂಚೆ ವಿವರವೇ ಇಲ್ಲದ ಬಿಳಿಯಾಗಿ ಸುಟ್ಟುಹೋಗುತ್ತದೆ. ಅಪರ್ಚರನ್ನು ಎಫ್ 2.8ಕ್ಕೆ ಕಿರಿದು ಮಾಡಿ, ಇಲ್ಲವೇ ಬೆಳಕು ತಗ್ಗಿಸುವ ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ, ಎಲ್ಲಕ್ಕಿಂತ ಒಳ್ಳೆಯದೆಂದರೆ ಮಳೆಮರದ ನೆರಳಿಗೆ ಕರೆದುಕೊಂಡು ಹೋಗಿ. ಛತ್ರದ ಎಲ್‌ಇಡಿ ದೀಪದಲ್ಲಿ ಫೋಟೋಗೆ ಅಡ್ಡಪಟ್ಟೆ ಬಂದರೆ ಲೆನ್ಸನ್ನು ದೂರಬೇಡಿ. ನಮ್ಮ ಕರೆಂಟು 50 ಹರ್ಟ್ಜ್, ಶಟರ್ 1/100ಕ್ಕೆ ತಂದರೆ ಸಾಮಾನ್ಯವಾಗಿ ಪಟ್ಟೆ ಹೋಗುತ್ತದೆ.

ಕೊಳ್ಳುವ ಮೊದಲು ಕೈಯಲ್ಲಿರುವ ಕಿಟ್ ಲೆನ್ಸಿನಲ್ಲೇ (ಕ್ಯಾಮೆರಾ ಜತೆ ಬಂದ ಜೂಮ್) ಪರೀಕ್ಷೆ ಮಾಡಬಹುದು. 18-55 ಇದ್ದರೆ ಜೂಮ್ ರಿಂಗನ್ನು 50ಕ್ಕೆ ತಿರುಗಿಸಿ ಇನ್ಸುಲೇಷನ್ ಟೇಪು ಸುತ್ತಿ, ನೀವು ನಿಜವಾಗಿ ಕೆಲಸ ಮಾಡುವ ಜಾಗದಲ್ಲೇ ಒಂದು ಶೂಟ್ ಮುಗಿಸಿ. ಮುಂದಿನ ಸಲ 35ಕ್ಕೆ. ಬ್ಲರ್ ಗೊತ್ತಾಗುವುದಿಲ್ಲ, ಆದರೆ ಎಲ್ಲಿ ನಿಲ್ಲಬೇಕಾಗುತ್ತದೆ ಅನ್ನುವುದು ಕಾಲಿಗೆ ಗೊತ್ತಾಗುತ್ತದೆ. ಎರಡರ ನಡುವೆ ಮನಸ್ಸು ಓಲಾಡುತ್ತಿದ್ದರೆ ಬಾಡಿಗೆಗೆ ತನ್ನಿ. ಊರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ. ತರುವಾಗಲೇ ಗಾಜಿನ, ಮೌಂಟಿನ (ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಳೆ) ಫೋಟೋ ತೆಗೆದಿಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಿಕಾನ್‌ನವರು ಒಂದು ವಿಷಯ ನೋಡಲೇಬೇಕು. 85 ಎಫ್ 1.8 ಡಿ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಅದರೊಳಗೆ ಫೋಕಸ್ ಮಾಡುವ ಮೋಟಾರ್ ಇಲ್ಲ. ಡಿ3500, ಡಿ5600ರಂಥ ಬಾಡಿಗಳಲ್ಲೂ ಮೋಟಾರ್ ಇಲ್ಲ, ಆಟೋ ಫೋಕಸ್ ನಡೆಯುವುದಿಲ್ಲ. ಆ ಬಾಡಿಗಳಿಗೆ ಒಳಗೇ ಮೋಟಾರ್ ಇರುವ ಲೆನ್ಸ್ ಬೇಕು, ಉದಾಹರಣೆಗೆ ಎಎಫ್-ಎಸ್ 85 ಎಫ್ 1.8 ಜಿ. ಕ್ಯಾನನ್ ಇಎಫ್ 85 ಎಫ್ 1.8 ಒಳ್ಳೆಯ ಲೆನ್ಸು, ಪೂರ್ತಿ ತೆರೆದಾಗ ಜರಿ ಅಂಚು, ಬೆಳ್ಳಿ ಒಡವೆಯ ಸುತ್ತ ನೇರಳೆ ಗೆರೆ ಬರುತ್ತದೆ. ಎಫ್ 2.8ರ ಹೊತ್ತಿಗೆ ಬಹಳಷ್ಟು ಹೋಗುತ್ತದೆ. ಒಡವೆ, ಮೆಹೆಂದಿ ಹತ್ತಿರದಿಂದ ತೆಗೆಯುವವರು ಎಷ್ಟು ಹತ್ತಿರ ಫೋಕಸ್ ಆಗುತ್ತದೆ ಎಂದೂ ಕೇಳಿ: ಇದೇ ಇಎಫ್ 85ಕ್ಕೆ ಕನಿಷ್ಠ 85 ಸೆಂ.ಮೀ. ಬೇಕು, ಆರ್‌ಎಫ್ 85 ಎಫ್ 2 ಮ್ಯಾಕ್ರೋ 35 ಸೆಂ.ಮೀ.ಗೆ ಹೋಗುತ್ತದೆ.

ಅಂಗಡಿಯಲ್ಲಿ ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಗಾಜಿನೊಳಗೆ ನೋಡಿ. ಧೂಳಿನ ನಾಲ್ಕು ಕಣ ಇದ್ದರೆ ಚಿಂತೆಯಿಲ್ಲ. ಸಣ್ಣ ಬೇರಿನಂತೆ ಹರಡಿದ ಎಳೆಗಳು ಕಂಡರೆ ಅದು ಫಂಗಸ್, ಬೆಲೆ ಎಷ್ಟೇ ಇಳಿಸಿದರೂ ಬೇಡ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಜಿಡ್ಡಿದ್ದರೂ ಬಿಡಿ. ಆಮೇಲೆ ಒಂದು ಸ್ಕೇಲನ್ನು ಮೇಜಿನ ಮೇಲೆ ಓರೆಯಾಗಿಟ್ಟು, ನಡುವಿನ ಒಂದು ಅಂಕಿಗೆ ಎಫ್ 1.8ರಲ್ಲಿ ಫೋಕಸ್ ಮಾಡಿ ಹಲವು ಸಲ ಕ್ಲಿಕ್ ಮಾಡಿ. ಪ್ರತಿ ಸಲವೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಬಾಡಿಯಲ್ಲಿ ಫೈನ್ ಟ್ಯೂನ್ (ಫೋಕಸ್ ತಿದ್ದುವ ಸೆಟ್ಟಿಂಗ್) ಇದ್ದಾಗ ಸರಿಪಡಿಸಬಹುದು. ಡಿ5600, ಕ್ಯಾನನ್ 200ಡಿಯಂಥವುಗಳಲ್ಲಿ ಆ ಸೌಲಭ್ಯವಿಲ್ಲ, ಬೇರೆ ಲೆನ್ಸೇ ಕೇಳಿ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲದೆ, ಫೋಕಸನ್ನು ಸೆನ್ಸರಿನ ಮೇಲೆಯೇ ಅಳೆಯುವುದರಿಂದ ಈ ತೊಂದರೆ ಇಲ್ಲವೆಂದೇ ಹೇಳಬಹುದು. ಕೊನೆಗೆ ಗೋಡೆಗೆ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ, ನೇರ ಎದುರಿನಿಂದ ಎಫ್ 4ರಲ್ಲಿ ಒಂದು ಫೋಟೋ. ಎಡದ ಅಕ್ಷರ ಚುರುಕಾಗಿದ್ದು ಬಲದ್ದು ಮಸುಕಾಗಿದ್ದರೆ ಒಳಗಿನ ಗಾಜು ಸರಿದಿದೆ, ಬಿದ್ದ ಲೆನ್ಸ್ ಇರಬಹುದು. ಆ ಫೋಟೋವನ್ನು ಕ್ಯಾಮೆರಾ ಸ್ಕ್ರೀನಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿದ ಮೇಲೇ ದುಡ್ಡು ಕೊಡಿ.