ಉಪ್ಪು ಬಂದದ್ದು ಹನ್ನೊಂದನೇ ದಿನ

2022ರ ಜೂನ್ 28, ಬೆಳಿಗ್ಗೆ 7.45. ಪಾಣತ್ತೂರು ಕಡೆಯ ನಮ್ಮ ಮನೆಯಲ್ಲಿ ಅಟ್ಟದ ಪಾತ್ರೆಗಳು ಗಡಗಡ ಅಂದವು. ಭೂಕಂಪ, ತೀವ್ರತೆ 3 ಅಂತ ಆಮೇಲೆ ಗೊತ್ತಾಯಿತು. ಸುಳ್ಯ, ಸಂಪಾಜೆ ಕಡೆಯವರಿಗೂ ನಡುಕ ತಿಳಿದಿತ್ತು.

ಮಧ್ಯಾಹ್ನ ಪಕ್ಕದ ತೋಟದ ಭಾವ ಬಂದರು. "ಭಾವ, ಮಾಡಿನ ಮಳೆನೀರನ್ನೆಲ್ಲ ಬೋರ್‌ವೆಲ್ಲಿಗೆ ಬಿಟ್ಟು ಬಿಟ್ಟು ಭೂಮಿಯನ್ನೇ ಅಲ್ಲಾಡಿಸಿದಿರಲ್ವಾ? ಕೊಯ್ನಾದಲ್ಲೂ ಹೀಗೇ ಆದದ್ದಂತೆ."

ತಮಾಷೆಗೆ ಹೇಳಿದ್ದು. ಆದರೆ ನನ್ನ ತಲೆಯಿಂದ ಹೋಗಲಿಲ್ಲ. ಮಹಾರಾಷ್ಟ್ರದ ಕೊಯ್ನಾ ಜಲಾಶಯ ತುಂಬಿದ ಮೇಲೆ 1967ರ ಡಿಸೆಂಬರ್‌ನಲ್ಲಿ 6.3ರ ಭೂಕಂಪ ಆದದ್ದು ನಿಜ ತಾನೇ.

ಜನವರಿಯಲ್ಲಿ, ಮಳೆಯ ಗೊಂದಲ ಇಲ್ಲದಾಗ, ನನ್ನ ಬೋರಿಗೆ ಬಿಟ್ಟ ನೀರು ಭಾವನ ಬೋರಿನಲ್ಲಿ ತಿಳಿಯುತ್ತದಾ ಅಂತ ಪರೀಕ್ಷೆ ಮಾಡಿದೆ. ನನ್ನ ಬೋರು 320 ಅಡಿ, ಭಾವನದ್ದು ಅಲ್ಲಿಂದ 70 ಮೀಟರ್ ದೂರ. ಎರಡು ಎಳೆಯ ವಯರಿನ ತುದಿ ಸುಲಿದು, ಭಾರಕ್ಕೆ ಒಂದು ನಟ್ ಕಟ್ಟಿ, ಮೀಟರಿಗೊಂದು ಕೆಂಪು ಟೇಪು ಸುತ್ತಿ, ಮೇಲಿನ ತುದಿಯನ್ನು ಮಲ್ಟಿಮೀಟರಿಗೆ ಸಿಕ್ಕಿಸಿದೆ. ತುದಿ ನೀರು ಮುಟ್ಟಿದ ಕೂಡಲೇ ಮುಳ್ಳು ಹಾರುತ್ತದೆ. ಮೊದಲ ಸಲ ವಯರು ಮೋಟಾರಿನ ಕೇಬಲ್ಲಿಗೆ ಸುತ್ತಿಕೊಂಡು ಬಿಡಿಸಲು ಒಂದು ಗಂಟೆ ಹೋಯಿತು, ಹಾಗಾಗಿ ಕೇಬಲ್ ಇಲ್ಲದ ಬದಿಯಿಂದಲೇ ಇಳಿಸಿ.

ಇಬ್ಬರ ಮೋಟಾರೂ ಬಂದ್ ಮಾಡಿ 10,000 ಲೀಟರಿನ ಟ್ಯಾಂಕಿಯನ್ನು ನನ್ನ ಬೋರಿಗೆ ಬಿಟ್ಟೆ. ನೀರಿಗೆ 5 ಕಿಲೋ ಉಪ್ಪು ಕರಗಿಸಿದ್ದೆ. ಭಾವನ ಬೋರಿನ ಬಾಯಲ್ಲಿ ಕೂತು ಐದೈದು ನಿಮಿಷಕ್ಕೆ ವಯರು ಇಳಿಸಿದೆ. ಅರ್ಧ ಗಂಟೆ ಏನೂ ಇಲ್ಲ. 35ನೇ ನಿಮಿಷಕ್ಕೆ ನೀರು ಒಂದು ಗೇಣು ಮೇಲೆ! ಉಪ್ಪು ಮಾತ್ರ ಬಂದಿರಲಿಲ್ಲ. ಭಾವ ಎಂದಿನಂತೆ ಪಂಪು ಹಾಕುತ್ತಾ ಹೋದರು, ನಾನು ದಿನಾ ಆ ನೀರಿನ ಒಂದು ಲೋಟದಲ್ಲಿ, ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿದೆ. 90, 91, 90. ಹನ್ನೊಂದನೇ ದಿನ 118.

ಅಂದರೆ ನನ್ನ ನೀರು ಅಲ್ಲಿಗೆ ಮುಟ್ಟಲು ಹನ್ನೊಂದು ದಿನ, ಅದರ ಒತ್ತಡ ಮುಟ್ಟಲು ಅರ್ಧ ಗಂಟೆ ಚಿಲ್ಲರೆ. ಗಟ್ಟಿ ಕಲ್ಲಿನಲ್ಲಿ ನೀರಿಗೆ ದಾರಿ ಕೆಲವು ಬಿರುಕುಗಳು ಮಾತ್ರ. ಅವು ಮೊದಲೇ ತುಂಬಿರುವುದರಿಂದ ಈ ಕಡೆ ದೂಡಿದ್ದು ಆ ಕಡೆ ಬೇಗ ತಿಳಿಯುತ್ತದೆ. ಭೂಕಂಪದ ವಿಷಯದಲ್ಲೂ ಲೆಕ್ಕಕ್ಕೆ ಬರುವುದು ಈ ಒತ್ತಡವೇ. ಬಿರುಕಿನ ಎರಡು ಮೈಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಒಳಗಿನ ನೀರಿನ ಒತ್ತಡ ಏರಿದರೆ ಹಿಡಿತ ಸಡಿಲವಾಗಿ, ಮೊದಲೇ ಜಾರಲು ತಯಾರಾಗಿದ್ದ ಕಲ್ಲು ಜಾರುತ್ತದೆ. ಆಳಕ್ಕೆ, ದೂರಕ್ಕೆ ಹೋದಷ್ಟೂ ಒತ್ತಡ ಮುಟ್ಟುವುದು ತಡ. ಅಮೆರಿಕದ ಡೆನ್ವರ್ ಹತ್ತಿರ 3,671 ಮೀಟರ್ ಆಳದ ಬಾವಿಗೆ 1962ರಿಂದ ಕೊಳಕು ನೀರು ತುಂಬಿಸಿದರು, 1966ರಲ್ಲಿ ನಿಲ್ಲಿಸಿದರು. ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ.

ಹಾಗಾದರೆ ನನ್ನ ಬೋರು? ಮಳೆಗಾಲದಲ್ಲಿ ಅದರ ನೀರು 24 ಮೀಟರ್ ಏರುತ್ತದೆ. 10 ಮೀಟರ್ ನೀರಿಗೆ ಸುಮಾರು ಒಂದು ಬಾರ್ ಒತ್ತಡ, ಅಂದರೆ 2.4 ಬಾರ್. ಬೈಕಿನ ಟೈರಿನ ಗಾಳಿ! ಅದೂ 320 ಅಡಿಯಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 2006ರಲ್ಲಿ 5 ಕಿಲೋಮೀಟರ್ ಆಳದ ಬಾವಿಗೆ ಸುಮಾರು 300 ಬಾರ್ ಒತ್ತಡದಲ್ಲಿ, ಆರು ದಿನದಲ್ಲಿ ಒಂದು ಕೋಟಿ ಲೀಟರಿಗೂ ಜಾಸ್ತಿ ನೀರು ನುಗ್ಗಿಸಿದ್ದರು. ಬಂದದ್ದು 3.4ರ ಕಂಪನ. ಕೊಯ್ನಾ ಅಣೆಕಟ್ಟೋ, 100 ಮೀಟರಿಗೂ ಎತ್ತರ. ಇವುಗಳ ಎದುರು ನನ್ನ ಮಾಡಿನ ನೀರು ಯಾವ ಲೆಕ್ಕ?

ಕಾಗದದಲ್ಲಿ ಲೆಕ್ಕ ಬರೆದು ಭಾವನಿಗೆ ತೋರಿಸಿದೆ. ಅವರು ಓದಲೇ ಇಲ್ಲ, ಚಹಾ ಕುಡಿಯುತ್ತಾ, "ಅದೆಲ್ಲ ಇರಲಿ, ಹನ್ನೊಂದು ದಿನದಿಂದ ನಿಮ್ಮ ಉಪ್ಪಿನ ಋಣ ನನ್ನ ಮೇಲೆ ಹತ್ತಿದೆಯಲ್ಲ" ಅಂದರು.