ಕೆರೆ ನೀರಲ್ಲಿ ಹೈಡ್ರಾ ಹುಡುಕೋದು, ಸಾಕೋದು, ಕತ್ತರಿಸಿ ನೋಡೋದು ಹೇಗೆ

ಜೆಲ್ಲಿಫಿಶ್, ಹವಳ, ಸೀ ಅನಿಮೋನ್ ಎಲ್ಲಾ ನಿಡೇರಿಯಾ ಅನ್ನೋ ಒಂದೇ ಗುಂಪಿಗೆ ಸೇರಿದವು. ಈ ಗುಂಪಿನ ಬಗ್ಗೆ ಓದೋರೆಲ್ಲ ಸಮುದ್ರದ ಕಡೆನೇ ನೋಡ್ತಾರೆ, ಆದ್ರೆ ಇವು ಹೇಗೆ ಕುಟುಕ್ತವೆ, ಹೇಗೆ ತಿಂತವೆ, ಹೇಗೆ ಮತ್ತೆ ಬೆಳೀತವೆ ಅಂತ ಕಣ್ಣಾರೆ ನೋಡ್ಬೇಕಂದ್ರೆ ನನ್ನ ಪ್ರಕಾರ ಹೈಡ್ರಾಗಿಂತ ಒಳ್ಳೆ ಪ್ರಾಣಿ ಇಲ್ಲ. ಇದೂ ಅದೇ ಗುಂಪಿನದು, ಆದ್ರೆ ಸಿಹಿನೀರಲ್ಲೇ ಇರತ್ತೆ, ಒಂದು ಗಾಜಿನ ಬಾಟ್ಲಿ, ಒಂದು ಭೂತಗನ್ನಡಿ, ಸಾಧ್ಯ ಆದ್ರೆ ಒಂದು ಸಣ್ಣ ಮೈಕ್ರೋಸ್ಕೋಪ್ ಇದ್ರೆ ಸಾಕು.

ಮೊದಲು ಹುಡುಕೋದು. ನೀರು ತಿಳಿಯಾಗಿರ್ಬೇಕು, ಜೋರಾಗಿ ಹರೀಬಾರ್ದು, ಗಿಡ ಇರ್ಬೇಕು. ಬರೀ ನೀರು ತುಂಬ್ಕೊಂಡ್ರೆ ಏನೂ ಸಿಗಲ್ಲ, ಯಾಕಂದ್ರೆ ಹೈಡ್ರಾ ತೇಲಾಡ್ಕೊಂಡು ಇರೋದು ಕಮ್ಮಿ, ಎಲೆ ಅಡಿಗೆ, ಕಡ್ಡಿಗೆ, ತೇಲೋ ಗಿಡದ ಬೇರಿಗೆ ಪಾದ ಅಂಟಿಸ್ಕೊಂಡು ನೇತಾಡ್ತಾ ಇರತ್ತೆ. ಹಾಗಾಗಿ ಗಿಡದ ಸಮೇತ ಒಂದಿಷ್ಟು ನೀರು ತಗೊಂಡು ಬಾಟ್ಲಿಗೆ ಹಾಕಿ, ಬೆಳಕು ಬರೋ ಕಡೆ (ನೇರ ಬಿಸಿಲು ಬೇಡ) ಇಟ್ಟು, ಅಲುಗಾಡಿಸದೆ ಒಂದು ರಾತ್ರಿ ಬಿಡಿ. ಗಿಡ ಎತ್ತಿದಾಗ ಅವು ಮುದುಡಿ ಒಂದು ಚುಕ್ಕಿ ಅಷ್ಟಾಗಿರ್ತವೆ, ಆಗ ಎಷ್ಟು ಹುಡುಕಿದ್ರೂ ಕಾಣಲ್ಲ. ಮಾರನೇ ದಿನ ಬಾಟ್ಲಿ ಹಿಂದೆ ಕಪ್ಪು ಕಾಗದ ಹಿಡಿದು ನೋಡಿ, ಗಾಜಿಗೆ ಅಂಟಿರೋ ಅರ್ಧ ಸೆಂಟಿಮೀಟರ್ ಆಸುಪಾಸಿನ ಸಣ್ಣ ಕೊಳವೆ, ತುದೀಲಿ ಐದಾರು ದಾರದಂಥ ಟೆಂಟಕಲ್, ಅದೇ ಹೈಡ್ರಾ. ಬೆಳಕು ಬರೋ ಪಕ್ಕದ ಗಾಜಿಗೇ ಜಾಸ್ತಿ ಅಂಟಿರ್ತವೆ.

ಬಣ್ಣ ಕಂದು ಇರಬಹುದು, ಹಸಿರೂ ಇರಬಹುದು. ಹಸಿರು ಸಿಕ್ರೆ ಬಿಡ್ಬೇಡಿ! ಆ ಹಸಿರು ಹೈಡ್ರಾದ್ದಲ್ಲ, ಅದರ ಒಳಪದರದ ಜೀವಕೋಶಗಳೊಳಗೆ ವಾಸ ಮಾಡೋ ಪಾಚಿದು. ಪಾಚಿ ಬೆಳಕಿಂದ ಸಕ್ಕರೆ ಮಾಡಿ ಹೈಡ್ರಾಗೆ ಕೊಡತ್ತೆ, ಹವಳದಲ್ಲಿ ನಡೆಯೋದೂ ಇಂಥದ್ದೇ ಸಂಬಂಧ, ಪಾಚಿ ಜಾತಿ ಮಾತ್ರ ಬೇರೆ. ಸಮುದ್ರ ಬಿಸಿಯಾದಾಗ ಹವಳ ಆ ಪಾಚಿ ಕಳ್ಕೊಂಡು ಬೆಳ್ಳಗಾಗತ್ತೆ, ಅದನ್ನೇ ಬ್ಲೀಚಿಂಗ್ ಅನ್ನೋದು.

ಸಾಕೋದ್ರಲ್ಲಿ ನೀರೇ ಮುಖ್ಯ, ಉಳಿದಿದ್ದೆಲ್ಲ ಆಮೇಲೆ. ನಲ್ಲಿ ನೀರಿನ ಕ್ಲೋರಿನ್ ಇವನ್ನ ಕೊಲ್ಲತ್ತೆ, ತಾಮ್ರ ಅಂತೂ ಚೂರೇ ಚೂರು ಇದ್ರೂ ಆಗಲ್ಲ, ಅದಕ್ಕೆ ತಾಮ್ರದ ಪಾತ್ರೆ, ತಾಮ್ರದ ಪೈಪಿನ ನೀರು ಎರಡೂ ಬೇಡ. ಹಾಗಂತ ಡಿಸ್ಟಿಲ್ಡ್ ವಾಟರ್ ಹಾಕಿದ್ರೂ ಸಾಯ್ತವೆ, ಅವಕ್ಕೆ ಕ್ಯಾಲ್ಸಿಯಂ ಬೇಕು. ಸಿಕ್ಕಿದ ಜಾಗದ ನೀರನ್ನೇ ತೆಳು ಬಟ್ಟೇಲಿ ಸೋಸಿ ಬಳಸೋದು ಎಲ್ಲಕ್ಕಿಂತ ಸುಲಭ. ಅಗಲ ಬಾಯಿನ ಗಾಜಿನ ಬಟ್ಟಲಲ್ಲಿ ಎರಡು ಮೂರು ಇಂಚು ನೀರು ಇರ್ಲಿ, ಉಷ್ಣತೆ 18ರಿಂದ 22 ಡಿಗ್ರಿ ಒಳಗಿದ್ರೆ ಒಳ್ಳೇದು. ಸೋಪು ಹಾಕಿ ತೊಳೆದ ಪಾತ್ರೆ ಬೇಡವೇ ಬೇಡ.

ಊಟಕ್ಕೆ ಜೀವಂತ ಹುಳನೇ ಆಗ್ಬೇಕು. ಒಣಗಿದ ಮೀನಿನ ಆಹಾರ ಹಾಕಿದ್ರೆ ನೀರು ಕೆಡತ್ತೆ ಅಷ್ಟೇ. ಅದೇ ಕೆರೆಯ ಡ್ಯಾಫ್ನಿಯಾ (ಕುಪ್ಪಳಿಸಿ ಈಜೋ ಸಣ್ಣ ನೀರುಹುಳ) ಆಗತ್ತೆ, ಇಲ್ಲಾಂದ್ರೆ ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸಿಗಡಿಯಂಥ ಪ್ರಾಣಿ) ಮೊಟ್ಟೆ ತಂದು ಉಪ್ಪುನೀರಲ್ಲಿ ಮರಿ ಮಾಡಿಸಿ, ಮರಿಗಳನ್ನ ಸಿಹಿನೀರಲ್ಲಿ ಚೆನ್ನಾಗಿ ತೊಳೆದು ಹಾಕಿ (ಉಪ್ಪು ಉಳೀಬಾರ್ದು). ವಾರಕ್ಕೆ ಎರಡು ಮೂರು ಸಲ ಸಾಕು.

ಊಟ ಹಾಕಿದ ಮೇಲೆ ಎದ್ದು ಹೋಗ್ಬೇಡಿ, ಭೂತಗನ್ನಡಿ ಹಿಡ್ಕೊಂಡು ಕೂತ್ಕೊಳ್ಳಿ. ಮರಿ ಈಜ್ತಾ ಬಂದು ಟೆಂಟಕಲ್‌ಗೆ ತಗುಲಿದ ಕೂಡ್ಲೇ ಅಲ್ಲೇ ಅಂಟ್ಕೊಳತ್ತೆ, ಎರಡು ಮೂರು ಸಲ ಒದ್ದಾಡಿ ಸುಮ್ಮನಾಗತ್ತೆ, ಟೆಂಟಕಲ್ ಸುರುಳಿ ಸುತ್ಕೊಂಡು ಬಾಯಿ ಕಡೆ ಎಳ್ಕೊಳತ್ತೆ, ಆಗ ಅಷ್ಟೊತ್ತು ಇರೋದೇ ಕಾಣದಿದ್ದ ಬಾಯಿ ಅಗಲ ಆಗಿ ಬೇಟೆನ ಇಡಿಯಾಗಿ ನುಂಗತ್ತೆ. ಬಾಯಿ ತೆರೆಸೋದು ಗ್ಲುಟಥಯೋನ್ ಅನ್ನೋ ರಾಸಾಯನಿಕ, ಗಾಯ ಆದ ಬೇಟೆ ಮೈಯಿಂದ ಅದು ಸೋರತ್ತೆ. ಮಿದುಳಿಲ್ಲ, ಮೈತುಂಬ ನರಗಳ ಬಲೆ ಮಾತ್ರ, ಆದ್ರೂ ಇಷ್ಟೆಲ್ಲ ಸರಿಯಾಗಿ ನಡೆಯತ್ತೆ ನೋಡಿ. ತಿಂದ ಮೇಲೆ ಹೊರಗೆ ಹೋಗೋಕೆ ಬೇರೆ ದಾರಿ ಇಲ್ಲ, ಉಳಿದ ಸಿಪ್ಪೆನ ಅದೇ ಬಾಯಿಂದ ಉಗುಳತ್ತೆ, ಹಾಗಾಗಿ ಊಟ ಆಗಿ ಕೆಲವು ಗಂಟೆ ಬಿಟ್ಟು ನೀರು ಬದಲಾಯಿಸ್ಲೇಬೇಕು. ಹೆಚ್ಚಿನ ಹೈಡ್ರಾ ಸಾಯೋದು ಹಸಿವಿಂದ ಅಲ್ಲ, ಕೊಳೆತ ಊಟದಿಂದ.

ಬೇಟೆನ ಹೀಗೆ ಹಿಡಿದು ಸುಮ್ಮನಾಗಿಸೋ ಕುಟುಕು ಕೋಶ ನೋಡ್ಬೇಕಂದ್ರೆ ಮೈಕ್ರೋಸ್ಕೋಪ್ ಬೇಕು. ಒಂದು ಹೈಡ್ರಾನ ಸ್ಲೈಡ್ ಮೇಲೆ ಒಂದು ಹನಿ ನೀರಲ್ಲಿ ಇಟ್ಟು ಕವರ್ ಸ್ಲಿಪ್ ಮುಚ್ಚಿ. ಟೆಂಟಕಲ್ ಮೇಲೆ ಗಂಟು ಗಂಟಾಗಿ ಕಾಣೋದೇ ಆ ಕೋಶಗಳ ಗುಂಪು. ಈಗ ಕವರ್ ಸ್ಲಿಪ್ ಅಂಚಿಗೆ ಒಂದು ಹನಿ ವಿನೆಗರ್ ಬಿಡಿ, ಕೋಶಗಳು ಸಿಡಿದು ದಾರಗಳು ಹೊರಗೆ ಚಿಮ್ಮಿರೋದು ಕಾಣತ್ತೆ. ಒಳಗೆ ಸುತ್ತಿಟ್ಟ ಆ ದಾರ ಹೊರಬರೋದು ಕಾಲುಚೀಲನ ಒಳಗಿಂದ ಹೊರಕ್ಕೆ ಮಗುಚಿದ ಹಾಗೆ. ಸಿಡಿಯೋದನ್ನ ಕಣ್ಣಲ್ಲಿ ಹಿಡಿಯೋಕಾಗಲ್ಲ, ಹೈಡ್ರಾದಲ್ಲಿ ದಾರದ ಬುಡದ ಮುಳ್ಳು ಹೊರಬೀಳೋ ಹಂತ 700 ನ್ಯಾನೋಸೆಕೆಂಡಲ್ಲಿ ಮುಗಿಯತ್ತೆ ಅಂತ 2006ರಲ್ಲಿ ಹೈ-ಸ್ಪೀಡ್ ಕ್ಯಾಮೆರಾದಲ್ಲಿ ಅಳೆದಿದ್ದಾರೆ. ಚುಚ್ಚಿ ವಿಷ ಬಿಡೋ ದಾರ ಬೇರೆ, ಬೇಟೆಯ ಕೂದಲಿಗೆ ಸುತ್ಕೊಳ್ಳೋ ದಾರ ಬೇರೆ. ಒಂದ್ಸಲ ಸಿಡಿದ ಕೋಶ ಮತ್ತೆ ಕೆಲಸಕ್ಕೆ ಬರಲ್ಲ, ಹೊಸದು ಹುಟ್ತಾನೇ ಇರ್ಬೇಕು. ಈ ವಿಷ ನಮ್ಮ ಚರ್ಮಕ್ಕೆ ಏನೂ ಮಾಡಲ್ಲ, ಭಯ ಬೇಡ. ವಿನೆಗರ್ ಎಲ್ಲಾ ಜಾತೀಲೂ ಹೀಗೇ ಮಾಡತ್ತೆ ಅಂದ್ಕೋಬೇಡಿ, ಬಾಕ್ಸ್ ಜೆಲ್ಲಿಫಿಶ್‌ನಲ್ಲಿ ಅದು ಸಿಡಿಯೋದನ್ನ ತಡೆಯತ್ತೆ.

ಇನ್ನು ಕತ್ತರಿಸೋದು. 1740ರಲ್ಲಿ ಅಬ್ರಹಾಂ ಟ್ರೆಂಬ್ಲಿ ಅನ್ನೋ ಪ್ರಕೃತಿ ವಿಜ್ಞಾನಿ ನೆದರ್ಲೆಂಡ್ಸ್‌ನಲ್ಲಿ ಹಸಿರು ಹೈಡ್ರಾ ನೋಡಿ ಇದು ಗಿಡನೋ ಪ್ರಾಣಿನೋ ಗೊತ್ತಾಗದೆ ಎರಡು ತುಂಡು ಮಾಡಿದ್ರು, ಎರಡೂ ಪೂರ್ತಿ ಹೈಡ್ರಾ ಆಗಿ ಬೆಳೆದ್ವು. ನೀವೂ ಮಾಡಬಹುದು. ಹಿಂದಿನ ದಿನ ಊಟ ಹಾಕ್ಬೇಡಿ, ಹೊಟ್ಟೆ ತುಂಬಿದ್ರೆ ಗಾಯದಿಂದ ಎಲ್ಲಾ ಸೋರಿ ಗಲೀಜಾಗತ್ತೆ. ಮೊಗ್ಗು (ಮೈ ಪಕ್ಕದಲ್ಲಿ ಬೆಳೀತಿರೋ ಮರಿ) ಇಲ್ಲದ, ದಷ್ಟಪುಷ್ಟ ಹೈಡ್ರಾ ಆರಿಸ್ಕೊಳ್ಳಿ, ಸಣ್ಣ ತಟ್ಟೇಲಿ ಬಿಟ್ಟು ಅದು ಪೂರ್ತಿ ಉದ್ದ ಆಗೋ ತನಕ ಕಾಯಿರಿ, ಹೊಸ ಬ್ಲೇಡಿಂದ ನಡುವೆ ಒಂದೇ ಏಟಿಗೆ ಅಡ್ಡ ಕತ್ತರಿಸಿ. ಎರಡು ತುಂಡನ್ನೂ ಬೇರೆ ಬೇರೆ ತಟ್ಟೇಲಿ ಹೊಸ ನೀರಲ್ಲಿ ಇಡಿ. ಕೆಲವೇ ಗಂಟೇಲಿ ಗಾಯ ಮುಚ್ಚತ್ತೆ. ಪಾದದ ತುಂಡಲ್ಲಿ ಎರಡನೇ ದಿನದ ಹೊತ್ತಿಗೆ ಮೇಲ್ತುದೀಲಿ ಸಣ್ಣ ಉಬ್ಬುಗಳು ಕಾಣ್ತವೆ, ಅವೇ ಹೊಸ ಟೆಂಟಕಲ್‌ಗಳು, ಮೂರನೇ ದಿನಕ್ಕೆ ತಲೆ ಹೆಚ್ಚುಕಮ್ಮಿ ತಯಾರು. ತಲೆ ಇದ್ದ ಕಡೆ ತಲೆನೇ, ಪಾದ ಇದ್ದ ಕಡೆ ಪಾದನೇ ಬರತ್ತೆ, ನಡುವಿನ ತುಂಡು ತೆಗೆದು ಇಟ್ರೂ ಅಷ್ಟೇ. ಚಳಿ ಇದ್ರೆ ಒಂದೆರಡು ದಿನ ತಡ ಆಗಬಹುದು. ಬಾಯಿ ಬರೋ ತನಕ ಊಟ ಬೇಡ. ಬರೀ ಟೆಂಟಕಲ್ ಕತ್ತರಿಸಿಟ್ರೆ ಮಾತ್ರ ಅದರಿಂದ ಹೈಡ್ರಾ ಬೆಳೆಯಲ್ಲ, ವಿಭಜನೆ ಆಗೋ ಕೋಶಗಳೆಲ್ಲ ಇರೋದು ಕಾಂಡದಲ್ಲಿ, ಅಂದ್ರೆ ಕೊಳವೆಯಂಥ ಮೈಯಲ್ಲಿ.

ಚೆನ್ನಾಗಿ ತಿಂದ ಹೈಡ್ರಾದ ಮೈ ಪಕ್ಕದಲ್ಲಿ ಮೊಗ್ಗು ಬರತ್ತೆ, ಮೂರು ನಾಲ್ಕು ದಿನದಲ್ಲಿ ಮರಿ ಕಳಚ್ಕೊಂಡು ಹೋಗತ್ತೆ, ಬಟ್ಟಲು ಬೇಗ ತುಂಬತ್ತೆ. ಜಾಸ್ತಿ ಆದವನ್ನ ಸಿಕ್ಕಿದ ಜಾಗಕ್ಕೇ ವಾಪಸ್ ಬಿಡಿ. ಅಕ್ವೇರಿಯಂಗೆ ಮಾತ್ರ ಹಾಕ್ಬೇಡಿ, ಈಗಷ್ಟೇ ಹುಟ್ಟಿದ ಮೀನುಮರಿಗಳನ್ನ ಹಿಡಿದು ತಿಂತವೆ, ಒಂದ್ಸಲ ಒಳಗೆ ಸೇರಿದ್ರೆ ಒರೆಸಿ ತೆಗೆಯೋದೂ ಕಷ್ಟ, ಉಜ್ಜುವಾಗ ಹರಿದ ತುಂಡುಗಳೆಲ್ಲ ಮತ್ತೆ ಬೆಳೀತವೆ.